ದೂರದ ಸೈಕಲ್ ಸವಾರಿಯ ಜಮಾಖರ್ಚು

ಬೈಸಿಕಲ್ಲು ನಮಗೆಲ್ಲರಿಗೂ ಪರಿಚಿತವಾದ ಯಂತ್ರ. ಶಾಲೆಗೆ ಹೋಗುವ ಹುಡುಗರು, ಬೆಳಗಿನ ಪತ್ರಿಕೆ ಹಂಚುವವರು, ಪೀಣ್ಯದ ಕಾರ್ಖಾನೆಗಳ ಪಾಳಿಗೆ ಹೊತ್ತಿಗೆ ಸರಿಯಾಗಿ ಸೇರಬೇಕಾದ ಕೆಲಸಗಾರರು ಇಂದಿಗೂ ಅದನ್ನು ನೆಚ್ಚಿಕೊಂಡಿದ್ದಾರೆ. ಐದಾರು ಕಿಲೋಮೀಟರ್ ತುಳಿದರೆ ದಿನದ ಕೆಲಸ ಮುಗಿಯಿತು. ಆದರೆ ಒಂದೇ ಹಗಲಿನಲ್ಲಿ 200 ಕಿಲೋಮೀಟರ್ ತುಳಿಯುವವರೂ ಉಂಟು ಎಂದರೆ ಕೇಳಿದವರು ಹುಬ್ಬೇರಿಸುತ್ತಾರೆ. ಮಳೆಗಾಲ ಕಳೆದು ಚಳಿ ಕಾಲಿಡುವ ನವೆಂಬರಿನಿಂದ ಫೆಬ್ರವರಿಯವರೆಗೆ, ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ, ಪೀಣ್ಯ ಇವುಗಳ ಕಡೆಯಿಂದ ಊರಾಚೆಗೆ ಸಾಗುವ ರಸ್ತೆಗಳಲ್ಲಿ ಕೋಳಿ ಕೂಗುವ ಹೊತ್ತಿಗೇ ದೀಪ ಹೊತ್ತಿಸಿಕೊಂಡು ಹೊರಟ ಇಂಥ ಸವಾರರನ್ನು ನಾವು ಕಾಣಬಹುದು.

ಇವರಲ್ಲಿ ಅನೇಕರು ಹೊರಟಿರುವುದು ‘ಬ್ರೆವೆ’ ಎಂಬ ಸವಾರಿಗೆ. ಬ್ರೆವೆ ಎಂಬುದು ಫ್ರೆಂಚ್ ಪದ. ಪ್ರಮಾಣಪತ್ರ ಎಂದು ಅದರ ಅರ್ಥ. ಪ್ಯಾರಿಸ್ಸಿನ ಆಡಾಕ್ಸ್ ಸಂಘದ ನಿಯಮಗಳಿಗೆ ಅನುಸಾರವಾಗಿ ಇದು ಲೋಕದ ಅನೇಕ ದೇಶಗಳಲ್ಲಿ ನಡೆಯುತ್ತದೆ. ಮೊದಲು ಬಂದವನಿಗೆ ಬಹುಮಾನವಿಲ್ಲ. ಗೊತ್ತಾದ ಅವಧಿಯೊಳಗೆ ಮುಗಿಸಿದವರೆಲ್ಲರೂ ಸಮಾನರು. 200 ಕಿಲೋಮೀಟರಿಗೆ 13 ಗಂಟೆ 30 ನಿಮಿಷ, 300ಕ್ಕೆ 20 ಗಂಟೆ, 400ಕ್ಕೆ 27 ಗಂಟೆ, 600ಕ್ಕೆ 40 ಗಂಟೆ. ಭಾಗಿಸಿ ನೋಡಿದರೆ ಗಂಟೆಗೆ 15 ಕಿಲೋಮೀಟರಿನ ಆಸುಪಾಸಿನಲ್ಲಿ ಸಾಗಿದರೆ ಸಾಕು.

ಇದರ ಪಕ್ಕದಲ್ಲಿ ಇನ್ನೊಂದು ಸವಾರಿಯನ್ನು ಇಟ್ಟು ನೋಡೋಣ. ಅಮೆರಿಕದ ಮಿನೆಸೋಟ ಸಂಸ್ಥಾನದಲ್ಲಿ ಜನವರಿಯ ಕೊನೆಯಲ್ಲಿ, ಹಿಮ ಹಾಸಿದ ಕಾಡುದಾರಿಯಲ್ಲಿ ‘ಆ್ಯರೋಹೆಡ್ 135’ ಎಂಬ ಪಂದ್ಯ 2005ರಿಂದ ನಡೆದುಬಂದಿದೆ. ದೂರ 135 ಮೈಲಿ, ಅಂದರೆ 217 ಕಿಲೋಮೀಟರ್. ಅಲ್ಲಿ ಸವಾರರು ಸುಮಾರು 10 ಸೆಂಟಿಮೀಟರ್ ಅಗಲದ ಟೈರುಗಳುಳ್ಳ ‘ಫ್ಯಾಟ್ ಬೈಕ್’ ಎಂಬ ದಪ್ಪ ಚಕ್ರದ ಸೈಕಲ್ಲನ್ನು ಬಳಸುತ್ತಾರೆ. ಗೊತ್ತುಮಾಡಿರುವ ಅವಧಿ 60 ಗಂಟೆ! ಸೈಕಲ್ಲಿನವರಿಗೂ ಸ್ಕೀ ಕಟ್ಟಿಕೊಂಡವರಿಗೂ ನಡೆಯುವವರಿಗೂ ಅದೇ ಅವಧಿ ಎಂಬುದು ನಿಜ. ಆದರೂ ದೂರ ಹೆಚ್ಚುಕಡಿಮೆ ಒಂದೇ ಆಗಿರುವಾಗ ಕಾಲದಲ್ಲಿ ಇಷ್ಟು ಅಂತರವೇಕೆ? ಸಾಧಾರಣ ದೇಹಬಲದ ವಿದ್ಯಾರ್ಥಿಯೊಬ್ಬನು ಇಲ್ಲಿಯ 200 ಕಿಲೋಮೀಟರನ್ನಾದರೂ ಮುಗಿಸಬಲ್ಲನೆ? ಈ ಎರಡು ಪ್ರಶ್ನೆಗಳಿಗೂ ಉತ್ತರ ಒಂದೇ ಕಡೆ ಇದೆ. ಅದು ಶಕ್ತಿಯ ಜಮಾಖರ್ಚಿನ ಪುಸ್ತಕ.

ಖರ್ಚಿನ ಬಾಬುಗಳು

ಸೈಕಲ್ ಸವಾರನ ಶಕ್ತಿ ಮುಖ್ಯವಾಗಿ ಮೂರು ಬಾಬುಗಳಲ್ಲಿ ವೆಚ್ಚವಾಗುತ್ತದೆ. ಒಂದು, ಎದುರಿನ ವಾಯುವನ್ನು ಸೀಳಿಕೊಂಡು ಹೋಗುವುದಕ್ಕೆ. ಎರಡು, ಟೈರು ಉರುಳುವಾಗ ರಬ್ಬರು ಅಮುಕಿ ಬಿಡುವುದರಿಂದ ಉಂಟಾಗುವ ರೋಧಕ್ಕೆ. ಮೂರು, ಏರುದಾರಿಯಲ್ಲಿ ತನ್ನನ್ನೂ ಸೈಕಲ್ಲನ್ನೂ ಮೇಲಕ್ಕೆ ಎತ್ತುವುದಕ್ಕೆ.

ಲೆಕ್ಕದ ಅನುಕೂಲಕ್ಕಾಗಿ ಸವಾರನೂ ಸೈಕಲ್ಲೂ ಸೇರಿ 80 ಕಿಲೋಗ್ರಾಂ ಎಂದಿಟ್ಟುಕೊಳ್ಳೋಣ. ಡಾಂಬರು ರಸ್ತೆಯಲ್ಲಿ ಉರುಳುವ ರೋಧವು ಭಾರದ ಸಾವಿರದಲ್ಲಿ 6 ಪಾಲು ಎಂದು ಹಿಡಿದರೆ ಅದು 4.7 ನ್ಯೂಟನ್ ಆಗುತ್ತದೆ. ಇದು ವೇಗವನ್ನು ಹೆಚ್ಚಾಗಿ ಅವಲಂಬಿಸದು. ವಾಯುರೋಧದ ಸ್ವಭಾವವೇ ಬೇರೆ. ಅದು ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ನೆಟ್ಟಗೆ ಕುಳಿತ ಸವಾರನಿಗೆ, ಬೆಂಗಳೂರಿನ ವಾಯುವಿನಲ್ಲಿ, ಗಂಟೆಗೆ 18 ಕಿಲೋಮೀಟರ್ ವೇಗದಲ್ಲಿ ವಾಯುರೋಧ ಸುಮಾರು 6.9 ನ್ಯೂಟನ್, 25 ಕಿಲೋಮೀಟರಿನಲ್ಲಿ 13.5, 36 ಕಿಲೋಮೀಟರಿನಲ್ಲಿ 27.5.

ಬಲವನ್ನು ವೇಗದಿಂದ ಗುಣಿಸಿದರೆ ಸಾಮರ್ಥ್ಯ ದೊರೆಯುತ್ತದೆ. ಹಾಗೆ ಗುಣಿಸಿದಾಗ ಮಟ್ಟಸವಾದ ರಸ್ತೆಯಲ್ಲಿ 18 ಕಿಲೋಮೀಟರ್ ವೇಗಕ್ಕೆ 58 ವಾಟ್, 25ಕ್ಕೆ 127 ವಾಟ್, 36ಕ್ಕೆ 322 ವಾಟ್ ಬೇಕಾಗುವುದೆಂದು ತಿಳಿಯುತ್ತದೆ. ವೇಗವು ಎರಡರಷ್ಟಾದಾಗ ಸಾಮರ್ಥ್ಯವು ಐದೂವರೆಯಷ್ಟಾಯಿತು! ಅವಸರಕ್ಕೆ ಪ್ರಕೃತಿ ವಿಧಿಸುವ ಬಡ್ಡಿ ಇಷ್ಟು ದುಬಾರಿ.

ಜಮಾ

ಈಗ ಪುಸ್ತಕದ ಎಡ ಮಗ್ಗುಲನ್ನು ನೋಡೋಣ. ನಮ್ಮ ದೇಹವು ಆಹಾರದ ಶಕ್ತಿಯಲ್ಲಿ ಸುಮಾರು ಕಾಲು ಭಾಗವನ್ನು ಮಾತ್ರ ಪೆಡಲಿನ ಕೆಲಸವನ್ನಾಗಿ ಮಾರ್ಪಡಿಸಬಲ್ಲುದು. ಉಳಿದ ಮುಕ್ಕಾಲು ಶಾಖವಾಗಿ ಹೊರಬೀಳುತ್ತದೆ. ಆದುದರಿಂದ 58 ವಾಟ್ ದುಡಿಯುವವನಿಗೆ ಗಂಟೆಗೆ ಸುಮಾರು 200 ಕಿಲೋಕ್ಯಾಲೊರಿ ಬೇಕು. 127 ವಾಟ್ ದುಡಿಯುವವನಿಗೆ ಸುಮಾರು 440. 322 ವಾಟ್ ದುಡಿಯುವವನಿಗೆ 1100. ಸುಮ್ಮನೆ ಕುಳಿತಿದ್ದರೂ ದೇಹಕ್ಕೆ ಗಂಟೆಗೆ ಸುಮಾರು 70 ಬೇಕಾಗುತ್ತದೆ. ಅದನ್ನೂ ಇವಕ್ಕೆ ಸೇರಿಸಿಕೊಳ್ಳಬೇಕು.

ಇದನ್ನು ಒದಗಿಸುವ ಮೂಲಗಳು ಯಾವುವು? ಸ್ನಾಯುಗಳಲ್ಲಿಯೂ ಯಕೃತ್ತಿನಲ್ಲಿಯೂ ಗ್ಲೈಕೊಜೆನ್ ಎಂಬ ರೂಪದಲ್ಲಿ ಕೂಡಿಟ್ಟ ಶರ್ಕರ ಒಟ್ಟು 2000 ಕಿಲೋಕ್ಯಾಲೊರಿಯನ್ನು ಮೀರುವುದು ಅಪರೂಪ. ಕೊಬ್ಬಿನ ಭಂಡಾರ ಇದಕ್ಕಿಂತ ಎಷ್ಟೋ ದೊಡ್ಡದು. ಆದರೆ ಅದರ ಬಾಗಿಲು ಕಿರಿದು, ಶಕ್ತಿ ನಿಧಾನವಾಗಿ ಹೊರಬರುತ್ತದೆ. ಇನ್ನು ದಾರಿಯಲ್ಲಿ ತಿನ್ನುವ ಆಹಾರ. ಗ್ಲೂಕೋಸಿನಂಥ ಶರ್ಕರವನ್ನು ನಮ್ಮ ಕರುಳು ಗಂಟೆಗೆ ಸುಮಾರು 60 ಗ್ರಾಮಿನಂತೆ ಹೀರಿಕೊಂಡು ಒದಗಿಸಬಲ್ಲುದು. ಎಂದರೆ 240 ಕಿಲೋಕ್ಯಾಲೊರಿ.

ಈ ಅಂಕೆಗಳನ್ನು ಒಂದರ ಪಕ್ಕದಲ್ಲಿ ಒಂದು ಇಟ್ಟು ನೋಡಿದಾಗ ರಹಸ್ಯವು ಬಯಲಾಗುತ್ತದೆ. ಗಂಟೆಗೆ 18 ಕಿಲೋಮೀಟರ್ ಸಾಗುವವನ ಖರ್ಚು 270, ಆಹಾರದ ಜಮಾ 240. ಉಳಿದ ಅಲ್ಪವನ್ನು ಕೊಬ್ಬು ನಿರಾಯಾಸವಾಗಿ ತುಂಬಿಕೊಡುತ್ತದೆ. ಗ್ಲೈಕೊಜೆನ್ನಿನ ಗಂಟಿಗೆ ಕೈಹಾಕಬೇಕಾದದ್ದು ಬಹಳ ಕಡಿಮೆ. ಗಂಟೆಗೆ 25 ಕಿಲೋಮೀಟರ್ ಸಾಗುವವನಿಗೆ ಪ್ರತಿ ಗಂಟೆಯೂ 270 ಕಿಲೋಕ್ಯಾಲೊರಿಯಷ್ಟು ಕೊರತೆ ಬೀಳುತ್ತದೆ. 8 ಗಂಟೆಯ ಕೊನೆಗೆ ಗಂಟು ಬಹುಮಟ್ಟಿಗೆ ಕರಗಿರುತ್ತದೆ. 36 ಕಿಲೋಮೀಟರ್ ವೇಗಕ್ಕೆ ಹವಣಿಸಿದವನ ಗಂಟು, ಅವನ ಕಾಲುಗಳು ಅಷ್ಟು ಹೊತ್ತು ಸಹಕರಿಸಿದರೂ, ಎರಡು ಗಂಟೆಯಲ್ಲಿಯೇ ಬರಿದಾಗುತ್ತದೆ. ಆಮೇಲೆ ಕೈಕಾಲು ನಡುಗಿ, ತಲೆ ಸುತ್ತಿ, ರಸ್ತೆಯ ಬದಿಯಲ್ಲಿ ಕೂರದೆ ಗತ್ಯಂತರವಿಲ್ಲ.

ದೂರದ ಸವಾರನ ಸರಿಯಾದ ವೇಗವು ಅವನ ಕಾಲುಗಳ ವೇಗಕ್ಕಿಂತ ಹೆಚ್ಚಾಗಿ ಅವನ ಜೀರ್ಣಶಕ್ತಿಯ ವೇಗ ಎಂದು ಹೇಳಬಹುದು. ಒಂದು ಪಚ್ಚಬಾಳೆಹಣ್ಣು ಸುಮಾರು 100 ಕಿಲೋಕ್ಯಾಲೊರಿ ಕೊಡುತ್ತದೆ. ಗಂಟೆಗೆ ಎರಡು ಹಣ್ಣು, ಒಂದು ಕಡಲೆಮಿಠಾಯಿಯ ತುಂಡು, ಆಗಾಗ ಉಪ್ಪು ಬೆರೆಸಿದ ನೀರು ಇದ್ದರೆ 18 ಕಿಲೋಮೀಟರ್ ವೇಗವನ್ನು ಹಗಲೆಲ್ಲ ಸಾಗಿಸಬಹುದು. 200 ಕಿಲೋಮೀಟರಿಗೆ ಆಗುವುದು 11 ಗಂಟೆ 7 ನಿಮಿಷ. ವಿಶ್ರಾಂತಿಗೆ 2 ಗಂಟೆಗೂ ಮೀರಿದ ಅವಕಾಶ ಉಳಿಯುತ್ತದೆ.

ಇತಿಹಾಸವೂ ಇದಕ್ಕೆ ಸಾಕ್ಷಿ ನುಡಿಯುತ್ತದೆ. 1891ರಲ್ಲಿ ನಡೆದ ಮೊದಲ ಪ್ಯಾರಿಸ್–ಬ್ರೆಸ್ಟ್–ಪ್ಯಾರಿಸ್ ಪಂದ್ಯದಲ್ಲಿ ಷಾರ್ಲ್ ತೆರಾಂ ಎಂಬಾತ ಸುಮಾರು 1200 ಕಿಲೋಮೀಟರನ್ನು 71 ಗಂಟೆ 22 ನಿಮಿಷಗಳಲ್ಲಿ ಮುಗಿಸಿದ. 2017ರಲ್ಲಿ ಭಾರತೀಯ ಸೇನೆಯ ವೈದ್ಯರಾದ ಶ್ರೀನಿವಾಸ್ ಗೋಕುಲನಾಥ್ ಅವರು ಅಮೆರಿಕದ ಪಶ್ಚಿಮ ಕರಾವಳಿಯಿಂದ ಪೂರ್ವದ ಕಡೆಗೆ ಸುಮಾರು 4900 ಕಿಲೋಮೀಟರಿನ ‘ರೇಸ್ ಅಕ್ರಾಸ್ ಅಮೆರಿಕ’ ಪಂದ್ಯವನ್ನು 12 ದಿನಗಳ ಅವಧಿಯೊಳಗೆ ಒಬ್ಬರೇ ತುಳಿದು ಮುಗಿಸಿದ ಮೊದಲ ಭಾರತೀಯರಾದರು. ರಸ್ತೆ ಬೇರೆ, ಯಂತ್ರ ಬೇರೆ, ಕಾಲ ಬೇರೆ. ಆದರೂ ನಿಂತ ಹೊತ್ತನ್ನೂ ಸೇರಿಸಿ ಲೆಕ್ಕ ಹಾಕಿದರೆ ಎರಡರ ಸರಾಸರಿಯೂ ಗಂಟೆಗೆ 17 ಕಿಲೋಮೀಟರಿನ ಆಸುಪಾಸಿಗೇ ಬರುತ್ತದೆ.

ವೈಟ್‌ಫೀಲ್ಡಿನ ಗಾಳಿ

ಮೇಲಿನ ಲೆಕ್ಕ ನಿಶ್ಚಲವಾದ ವಾಯುವಿಗೆ ಹೊಂದುತ್ತದೆ. ಗಾಳಿ ಬೀಸಿದರೆ? ಚಳಿಗಾಲದಲ್ಲಿ ನಮ್ಮ ಬಯಲುಸೀಮೆಯ ಮೇಲೆ ಗಾಳಿ ಬಹುತೇಕ ಪೂರ್ವದಿಂದ ಬೀಸುತ್ತದೆ. ವೈಟ್‌ಫೀಲ್ಡಿನಿಂದ ಹೊಸಕೋಟೆಯ ಮೇಲೆ ಕೋಲಾರದ ಕಡೆಗೆ ಹೊರಟವರಿಗೆ ಅದು ಎದುರುಗಾಳಿ, ಹಿಂತಿರುಗುವಾಗ ಬೆನ್ನಗಾಳಿ. ಹೋಗುವಾಗ ಕಳೆದುಕೊಂಡದ್ದು ಬರುವಾಗ ದಕ್ಕುತ್ತದೆಯಲ್ಲ, ಎರಡೂ ಸಮವಾಯಿತು ಎಂದು ಯಾರಾದರೂ ಹೇಳಬಹುದು. ಇದು ಸರಿಯಲ್ಲ.

ಗಂಟೆಗೆ 9 ಕಿಲೋಮೀಟರಿನ ಸಾಧಾರಣ ಗಾಳಿ ಇದೆಯೆನ್ನೋಣ. ಅದೇ 58 ವಾಟ್ ದುಡಿಯುವ ಸವಾರನ ವೇಗ ಎದುರುಗಾಳಿಯಲ್ಲಿ 13.5 ಕಿಲೋಮೀಟರಿಗೆ ಇಳಿಯುತ್ತದೆ, ಬೆನ್ನಗಾಳಿಯಲ್ಲಿ 23.2ಕ್ಕೆ ಏರುತ್ತದೆ. ನೂರು ಕಿಲೋಮೀಟರ್ ಹೋಗಲು 7 ಗಂಟೆ 24 ನಿಮಿಷ, ಬರಲು 4 ಗಂಟೆ 19 ನಿಮಿಷ. ಒಟ್ಟು 11 ಗಂಟೆ 43 ನಿಮಿಷ. ಗಾಳಿಯಿಲ್ಲದ ದಿನಕ್ಕಿಂತ 36 ನಿಮಿಷ ಹೆಚ್ಚು. ಕಾರಣ ಸರಳವಾಗಿದೆ: ಎದುರುಗಾಳಿಯಲ್ಲಿ ಸವಾರನು ನಿಧಾನವಾಗಿ ಸಾಗುವುದರಿಂದ ಆ ಕಷ್ಟದಲ್ಲಿ ಅವನು ಹೆಚ್ಚು ಕಾಲ ಕಳೆಯುತ್ತಾನೆ, ಅನುಕೂಲದಲ್ಲಿ ಕಡಿಮೆ ಕಾಲ ಇರುತ್ತಾನೆ.

ಇದನ್ನು ಬಲ್ಲ ಸವಾರನು ಸೂರ್ಯೋದಯಕ್ಕೆ ಬಹು ಮುಂಚೆಯೇ ಹೊರಡುತ್ತಾನೆ. ರಾತ್ರಿಯಲ್ಲಿ ನೆಲವು ತಣಿದು, ಅದಕ್ಕೆ ಅಂಟಿದ ವಾಯುವೂ ತಣ್ಣಗಾಗಿ ಭಾರವಾಗಿ ಕೆಳಗೇ ಮಲಗಿರುತ್ತದೆ. ಮೇಲಿನ ಗಾಳಿ ಅದನ್ನು ಕಲಕಲಾರದು. ಬಿಸಿಲೇರಿ ನೆಲ ಕಾದ ಮೇಲೆ ವಾಯು ಮೇಲೆ ಕೆಳಗೆ ಆಡತೊಡಗಿ, ಮೇಲಿನ ಗಾಳಿ ರಸ್ತೆಗೆ ಇಳಿಯುತ್ತದೆ. ಜಾವದಲ್ಲಿ ಹೊರಟವನು ಪೂರ್ವದ ದಾರಿಯ ಬಹುಪಾಲನ್ನು ಶಾಂತವಾದ ವಾಯುವಿನಲ್ಲಿ ಕಳೆದು, ಹಿಂತಿರುಗುವಾಗ ಬೆನ್ನಗಾಳಿಯ ಲಾಭವನ್ನು ಪಡೆಯುತ್ತಾನೆ.

ಎಲೆಕ್ಟ್ರಾನಿಕ್ ಸಿಟಿಯ ಇಳಿಜಾರು

ದಕ್ಷಿಣಕ್ಕೆ, ಎಲೆಕ್ಟ್ರಾನಿಕ್ ಸಿಟಿಯಿಂದ ಅತ್ತಿಬೆಲೆ, ಹೊಸೂರುಗಳನ್ನು ದಾಟಿ ಕೃಷ್ಣಗಿರಿಗೆ ಹೋಗುವ ದಾರಿ ಬೇರೊಂದು ಪಾಠವನ್ನು ಕಲಿಸುತ್ತದೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ; ಕೃಷ್ಣಗಿರಿ ಇದಕ್ಕಿಂತ ಸುಮಾರು 400 ಮೀಟರ್ ತಗ್ಗು. ಹೋಗುವಾಗ ಚಕ್ರ ತಾನಾಗಿ ಓಡುತ್ತದೆ. ಹಗಲಿನ ಕೊನೆಯಲ್ಲಿ, ದಣಿದ ಕಾಲುಗಳಿಂದ ಅದನ್ನೆಲ್ಲ ಹತ್ತಬೇಕು. 80 ಕಿಲೋಗ್ರಾಮನ್ನು 400 ಮೀಟರ್ ಎತ್ತಲು ಬೇಕಾದ ಶಕ್ತಿ ಸುಮಾರು 314 ಕಿಲೋಜೂಲ್. ಮಟ್ಟಸವಾದ ರಸ್ತೆಯಲ್ಲಿ ಅಷ್ಟು ಶಕ್ತಿಯಿಂದ 27 ಕಿಲೋಮೀಟರ್ ಸಾಗಬಹುದಿತ್ತು.

ಇಳಿಯುವಾಗ ದೊರೆತ ಶಕ್ತಿ ಏನಾಯಿತು? ವೇಗ ಏರಿದಂತೆಲ್ಲ ವಾಯುವು ತನ್ನ ಬಡ್ಡಿಯನ್ನು ವಸೂಲು ಮಾಡಿತು. ಉಳಿದದ್ದನ್ನು ಬ್ರೇಕು ಶಾಖವನ್ನಾಗಿ ಮಾಡಿ ಚೆಲ್ಲಿತು. ಆದುದರಿಂದ ಇಳಿಜಾರಿನಲ್ಲಿ ಜೋರಾಗಿ ತುಳಿಯುವುದು ವ್ಯರ್ಥ. ಆಗ ತುಸು ವಿಶ್ರಮಿಸಿ, ತಿಂದು, ನೀರು ಕುಡಿದು, ಉಳಿಸಿದ ಬಲವನ್ನು ಏರಿಗೆ ಇಡುವುದು ಜಾಣತನ. ಏರಿನಲ್ಲಿ ವೇಗ ಕಡಿಮೆ, ವಾಯುರೋಧವೂ ಕಡಿಮೆ. ಅಲ್ಲಿ ಹಾಕಿದ ಶ್ರಮದ ಬಹುಭಾಗ ಎತ್ತರವಾಗಿ ದಕ್ಕುತ್ತದೆ.

ಪೀಣ್ಯದ ಮುಂಜಾವು

ವಾಯವ್ಯದಲ್ಲಿ ಪೀಣ್ಯದಿಂದ ನೆಲಮಂಗಲ, ತುಮಕೂರುಗಳ ಕಡೆಗೆ ಹೊರಡುವವರು ಇನ್ನೊಂದು ಸಂಗತಿಯನ್ನು ಗಮನಿಸಬೇಕು. ಮುಂಜಾನೆ ನೆಲದ ಬಳಿ ತಣ್ಣನೆಯ ವಾಯು, ಅದರ ಮೇಲೆ ಬೆಚ್ಚನೆಯ ವಾಯು ಇರುವ ಸ್ಥಿತಿಯನ್ನು ಉಷ್ಣತಾ ವಿಪರ್ಯಯವೆನ್ನುತ್ತಾರೆ. ಸವಾರನಿಗೆ ಗಾಳಿಯ ಕಾಟವನ್ನು ತಪ್ಪಿಸಿದ ಈ ಸ್ಥಿತಿಯೇ ಕಾರ್ಖಾನೆಯ ಹೊಗೆಯನ್ನೂ ಲಾರಿಗಳ ಡೀಸೆಲ್ ಮಸಿಯನ್ನೂ ಮೇಲೇರಲು ಬಿಡದೆ ರಸ್ತೆಯ ಮಟ್ಟದಲ್ಲಿಯೇ ಹಿಡಿದಿಡುತ್ತದೆ. ಅದರ ಮೇಲೆ ಮುಚ್ಚಳ ಹಾಕಿದಂತಾಗುತ್ತದೆ.

ಸುಮ್ಮನಿರುವ ಮನುಷ್ಯನು ನಿಮಿಷಕ್ಕೆ 6ರಿಂದ 8 ಲೀಟರ್ ವಾಯುವನ್ನು ಉಸಿರಾಡುತ್ತಾನೆ. 58 ವಾಟ್ ದುಡಿಯುವಾಗ ಅದು 25ರಿಂದ 30 ಲೀಟರಿಗೂ, 127 ವಾಟ್ ದುಡಿಯುವಾಗ 45 ಲೀಟರಿನ ಆಸುಪಾಸಿಗೂ ಏರುತ್ತದೆ. ಉಸಿರಿನೊಡನೆ ಒಳಹೋಗುವ ಮಸಿಯೂ ಅದೇ ಪ್ರಮಾಣದಲ್ಲಿ ಹೆಚ್ಚುತ್ತದೆ. ಬೆಂಗಳೂರಿನ ಹೊರವಲಯದಲ್ಲಿ ಆರೋಗ್ಯಕ್ಕೆಂದು ಸೈಕಲ್ ತುಳಿಯುವವರು ಇದನ್ನು ಮರೆಯಬಾರದು. ಕೈಗಾರಿಕಾ ಪ್ರದೇಶವನ್ನೂ ಲಾರಿಗಳ ಸಾಲನ್ನೂ ದಾಟುವವರೆಗೆ ಮೆಲ್ಲಗೆ ಸಾಗಿ, ಬಯಲಿಗೆ ಬಂದ ಮೇಲೆ ವೇಗ ಹೆಚ್ಚಿಸುವುದು ಹಿತಕರ. ಪ್ರತಿದಿನವೂ ಅದೇ ರಸ್ತೆಯಲ್ಲಿ ಪಾಳಿಗೆ ಹೋಗುವ ಕೆಲಸಗಾರನಿಗಾದರೋ ಇಂಥ ಆಯ್ಕೆಯಿಲ್ಲ. ಅವನ ಪಾಲಿಗೆ ಹೊಗೆ ಕಡಿಮೆಯಾಗುವುದೊಂದೇ ಪರಿಹಾರ.

ಹಿಮದ ಮೇಲೆ ದಪ್ಪ ಚಕ್ರ

ಈಗ ಮಿನೆಸೋಟದ ಪ್ರಶ್ನೆಗೆ ಬರೋಣ. ಟೈರಿನ ಗೋಡೆಯ ಬಿಗುವನ್ನು ಬಿಟ್ಟರೆ, ಟೈರು ನೆಲಕ್ಕೆ ತಾಕುವ ಕ್ಷೇತ್ರವು ಅದರ ಮೇಲಿನ ಭಾರವನ್ನು ಒಳಗಿನ ಒತ್ತಡದಿಂದ ಭಾಗಿಸಿದಷ್ಟಿರುತ್ತದೆ. ಹಿಂದಿನ ಚಕ್ರದ ಮೇಲೆ 50 ಕಿಲೋಗ್ರಾಂ ಭಾರ ಬಿದ್ದಿದೆಯೆನ್ನೋಣ. ಚದರ ಸೆಂಟಿಮೀಟರಿಗೆ 6 ಕಿಲೋಗ್ರಾಂ ಒತ್ತಡವಿರುವ ಕಿರಿದಾದ ಟೈರು ನೆಲವನ್ನು ಮುಟ್ಟುವುದು ಸುಮಾರು 8 ಚದರ ಸೆಂಟಿಮೀಟರಿನಲ್ಲಿ, ಅಂದರೆ ಒಂದು ರೂಪಾಯಿಯ ಎರಡು ನಾಣ್ಯಗಳಷ್ಟು ಜಾಗದಲ್ಲಿ. ಡಾಂಬರಿಗೆ ಇದು ಲೆಕ್ಕವಿಲ್ಲ, ಹಿಮವಾದರೋ ಕುಸಿಯುತ್ತದೆ. ಒತ್ತಡವನ್ನು ಅರ್ಧ ಕಿಲೋಗ್ರಾಮಿಗೆ ಇಳಿಸಿದರೆ ಕ್ಷೇತ್ರ 100 ಚದರ ಸೆಂಟಿಮೀಟರ್ ಆಗುತ್ತದೆ. ಅಷ್ಟು ಕಡಿಮೆ ಒತ್ತಡದಲ್ಲಿಯೂ ಚಕ್ರದ ಅಂಚು ನೆಲಕ್ಕೆ ಬಡಿಯದಿರಬೇಕಾದರೆ ಟೈರು ದಪ್ಪವಾಗಿರಲೇಬೇಕು. ಮರಳಿನಲ್ಲಿ ಕಬ್ಬಿಣದ ಪಟ್ಟಿಯ ಗಾಡಿಚಕ್ರ ಹೂತುಹೋಗುವುದೂ ಒಂಟೆಯ ಅಗಲವಾದ ಪಾದ ಹೂಳದಿರುವುದೂ ಇದೇ ನಿಯಮದಿಂದ.

ಹೀಗಿದ್ದರೂ ಹಿಮವು ಪೂರ್ಣವಾಗಿ ಮಣಿಯುವುದಿಲ್ಲ. ಸಡಿಲವಾದ ಹಿಮದಲ್ಲಿ ಉರುಳುವ ರೋಧ ಡಾಂಬರಿನದರ ಹತ್ತರಷ್ಟಾಯಿತೆಂದು ಊಹಿಸಿದರೆ, ನಮ್ಮ 58 ವಾಟಿನ ಸವಾರನ ವೇಗ ಗಂಟೆಗೆ 4.4 ಕಿಲೋಮೀಟರಿಗೆ ಇಳಿಯುತ್ತದೆ; ಅದು ನಡಿಗೆಯ ವೇಗ. 217 ಕಿಲೋಮೀಟರಿಗೆ 49 ಗಂಟೆ ಬೇಕು. ಅವಧಿ 60 ಗಂಟೆ ಏಕೆಂಬುದು ಈಗ ಸ್ಪಷ್ಟವಾಯಿತು. ನಮ್ಮ ರಸ್ತೆಯಲ್ಲಿ ಮುಖ್ಯ ಖರ್ಚು ವಾಯುವಿನದು, ಅಲ್ಲಿ ನೆಲದ್ದು. ದಪ್ಪ ಟೈರನ್ನು ಅಂದಕ್ಕಾಗಿ ಹೊಸೂರು ರಸ್ತೆಗೆ ತಂದರೆ ಪರಿಣಾಮ ತಿರುಗುಮುರುಗಾಗುತ್ತದೆ. ಉರುಳುವ ರೋಧ ಎರಡರಷ್ಟಾದರೂ ಸಾಕು, 58 ವಾಟಿನ ಕೆಲಸಕ್ಕೆ 82 ವಾಟ್ ತೆರಬೇಕು.

ಚಳಿಯು ಇನ್ನೊಂದು ಕುತಂತ್ರವನ್ನೂ ಹೂಡುತ್ತದೆ. ಮುಚ್ಚಿದ ವಾಯುವಿನ ಒತ್ತಡ ಅದರ ನಿರಪೇಕ್ಷ ಉಷ್ಣತೆಗೆ ಅನುಗುಣವಾಗಿದೆ. 20 ಡಿಗ್ರಿ ಸೆಂಟಿಗ್ರೇಡ್ ಇರುವ ಕೋಣೆಯಲ್ಲಿ ಅಳತೆಗೋಲು ಅರ್ಧ ಕಿಲೋಗ್ರಾಂ ತೋರುವಂತೆ ವಾಯು ತುಂಬಿದರೆ ಒಳಗಿನ ನಿಜವಾದ ಒತ್ತಡ ಸುಮಾರು ಒಂದೂವರೆ. ಹೊರಗಿನ ವಾಯುಮಂಡಲದ್ದೇ ಒಂದು. ಸೊನ್ನೆಗಿಂತ 20 ಡಿಗ್ರಿ ಕೆಳಗಿನ ಚಳಿಗೆ ಒಯ್ದಾಗ ಒಂದೂವರೆಯು 1.3ಕ್ಕೆ ಇಳಿಯುತ್ತದೆ, ಅಳತೆಗೋಲು 0.3ನ್ನು ಮಾತ್ರ ತೋರುತ್ತದೆ. ರಂಧ್ರವೇ ಇಲ್ಲದೆ ಐದರಲ್ಲಿ ಎರಡು ಪಾಲು ಹೋಯಿತು! ಬೆಂಗಳೂರಿನಲ್ಲಿ 33 ಡಿಗ್ರಿಯ ಮಧ್ಯಾಹ್ನ 6 ಕಿಲೋಗ್ರಾಮಿಗೆ ತುಂಬಿದ ಟೈರು 15 ಡಿಗ್ರಿಯ ಮುಂಜಾವಿನಲ್ಲಿ ಸುಮಾರು 5.6 ತೋರುತ್ತದೆ. ಹೊರಡುವ ಮುನ್ನ ಒತ್ತಡವನ್ನು ನೋಡಿಕೊಳ್ಳುವ ವಾಡಿಕೆಗೆ ಇದು ಆಧಾರ.

ಬೆವರಿನ ಮಾತೂ ಹಾಗೆಯೇ. ನಮ್ಮಲ್ಲಿ ಬೆವರು ಆರಿ ದೇಹವನ್ನು ತಣಿಸುತ್ತದೆ. ಅಲ್ಲಿ ಬಟ್ಟೆಯನ್ನು ನೆನೆಸಿ ಹೆಪ್ಪುಗಟ್ಟಿ ಪ್ರಾಣಕ್ಕೆ ಎರವಾಗುತ್ತದೆ. ಹಿಮದ ಸವಾರನು ಬೆವರದಷ್ಟು ಮಂದಗತಿಯಲ್ಲಿ ಸಾಗಬೇಕು. ಬಿಸಿಲು ನಾಡಿಗೂ ಹಿಮದ ನಾಡಿಗೂ ಉಪದೇಶ ಒಂದೇ: ಅವಸರ ಬೇಡ.

ಕೊಡಲಾಗದ ಸಾಲ

ಜಮಾಖರ್ಚಿನಲ್ಲಿ ಸರಿದೂಗಿಸಲು ಬಾರದ ಬಾಬು ಒಂದಿದೆ. ಅದು ನಿದ್ರೆ. 400 ಕಿಲೋಮೀಟರಿನ ಸವಾರಿಯಲ್ಲಿ ಒಂದು ರಾತ್ರಿ ಅನಿವಾರ್ಯವಾಗಿ ಬರುತ್ತದೆ. 600 ಕಿಲೋಮೀಟರನ್ನು 18ರ ವೇಗದಲ್ಲಿ ಸಾಗಿದರೆ 33 ಗಂಟೆ 20 ನಿಮಿಷ. ಊಟಕ್ಕೂ ನಿದ್ರೆಗೂ ಉಳಿಯುವುದು 6 ಗಂಟೆ 40 ನಿಮಿಷ ಮಾತ್ರ. ಬಾಳೆಹಣ್ಣಾಗಲಿ ಕಾಫಿಯಾಗಲಿ ನಿದ್ರೆಯ ಸಾಲವನ್ನು ತೀರಿಸಲಾರವು. ದಣಿದವನ ಕಣ್ಣು ಅವನಿಗರಿವಿಲ್ಲದೆ 3 ಸೆಕೆಂಡ್ ಮುಚ್ಚಿದರೂ 18 ಕಿಲೋಮೀಟರ್ ವೇಗದಲ್ಲಿ ಸೈಕಲ್ಲು 15 ಮೀಟರ್ ಸಾಗಿರುತ್ತದೆ. ಲಾರಿಗಳು ಓಡಾಡುವ ಹೆದ್ದಾರಿಯಲ್ಲಿ ಆ 15 ಮೀಟರು ಒಂದು ಜೀವದ ಬೆಲೆಯಾದೀತು. ಆದುದರಿಂದ ತರುಣ ವಾಚಕರಿಗೆ ನಮ್ಮ ಬಿನ್ನಹವಿಷ್ಟು: ಮುಂದೆ ಹಿಂದೆ ದೀಪ, ಬೆಳಕನ್ನು ಹಿಂದಿರುಗಿಸುವ ಮೇಲಂಗಿ, ತಲೆಗೆ ರಕ್ಷಣೆ ಇವಿಲ್ಲದೆ ಕತ್ತಲಲ್ಲಿ ಹೊರಡಬಾರದು, ತೂಕಡಿಕೆ ಬಂದೊಡನೆ ಸೈಕಲ್ಲಿನಿಂದ ಇಳಿಯಬೇಕು. ಪ್ರಮಾಣಪತ್ರವನ್ನು ಮುಂದಿನ ತಿಂಗಳು ಪಡೆಯಬಹುದು.

ಅಭ್ಯಾಸ

ಮನೆಯಲ್ಲಿಯೇ ಮಾಡಬಹುದಾದ ಒಂದು ಪ್ರಯೋಗ. ಸೈಕಲ್ಲಿನ ಹಿಂದಿನ ಟೈರಿಗೆ ಶಾಯಿ ಸವರಿ, ಗ್ರಾಫ್ ಕಾಗದದ ಮೇಲೆ ನಿಧಾನವಾಗಿ ಇಳಿಸಿ. ಒಬ್ಬರು ಸೈಕಲ್ಲನ್ನು ಹಿಡಿದಿರಲಿ, ಇನ್ನೊಬ್ಬರು ಮೇಲೆ ಕುಳಿತಿರಲಿ, ಚಕ್ರ ಉರುಳಬಾರದು. ಕಾಗದದ ಮೇಲೆ ಬಿದ್ದ ಗುರುತಿನ ಚೌಕಗಳನ್ನು ಎಣಿಸಿ ಕ್ಷೇತ್ರವನ್ನು ಕಂಡುಹಿಡಿಯಿರಿ. ಅದನ್ನು ಟೈರಿನ ಒತ್ತಡದಿಂದ ಗುಣಿಸಿದರೆ ಆ ಚಕ್ರ ಹೊತ್ತ ಭಾರ ತಿಳಿಯುತ್ತದೆ. ಹಿಂದಿನ ಚಕ್ರವನ್ನು ತೂಕದ ಯಂತ್ರದ ಮೇಲೂ ಮುಂದಿನದನ್ನು ಅಷ್ಟೇ ಎತ್ತರದ ಹಲಗೆಯ ಮೇಲೂ ನಿಲ್ಲಿಸಿ ಅದೇ ಭಾರವನ್ನು ನೇರವಾಗಿ ತೂಗಿ ನೋಡಿ. ಎರಡಕ್ಕೂ ವ್ಯತ್ಯಾಸ ಬಂದರೆ ಅದಕ್ಕೆ ಟೈರಿನ ಗೋಡೆಯ ಬಿಗುವು ಎಷ್ಟು ಕಾರಣ, ಟೈರಿನ ಮೇಲಿನ ಗೀರುಗಳು ಎಷ್ಟು ಕಾರಣ ಎಂಬುದನ್ನು ಆಲೋಚಿಸಿ. ಬಳಿಕ ಒತ್ತಡವನ್ನು ಅರ್ಧಕ್ಕೆ ಇಳಿಸಿ ಮತ್ತೆ ಮಾಡಿ ನೋಡಿ.